ಬಿದ್ದ ಮೇಲೆ ಅಳೆಯುವುದಲ್ಲ, ಬೀಳುವ ಮೊದಲು ನೋಡೋಣ

ಬಂಡೂರು ಎಂದರೆ ಎಲ್ಲರಿಗೂ ನೆನಪಾಗುವುದು ಕುರಿ. ಆದರೆ ಮಳೆಗಾಲ ಬಂತೆಂದರೆ ಕುರಿಗಿಂತ ಮೊದಲು ನಾವು ಯೋಚಿಸಬೇಕಾದದ್ದು ಕೊಟ್ಟಿಗೆಯ ಗೋಡೆಯ ಬಗ್ಗೆ. ಯಾವ ಕಟ್ಟಡ ನೀರಿಗೆ ನಿಲ್ಲುತ್ತದೆ, ಯಾವುದು ಬೀಳುತ್ತದೆ? ಇದಕ್ಕೆ ನಮ್ಮ ಕಾವೇರಿಯ ಮೇಲೆಯೇ ಎರಡು ಪಾಠಗಳಿವೆ.

ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನು ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದರು. ಕಲ್ಲಿನ ಕಂಬ, ಮೇಲೆ ಕಲ್ಲಿನ ತೊಲೆ. ಕನ್ನಂಬಾಡಿ ಕಟ್ಟೆಯ ಕೆಲಸ ನಡೆಯುತ್ತಿದ್ದಾಗ, 1924ರ ಜುಲೈನಲ್ಲಿ ಕಾವೇರಿ ಹಿಂದೆಂದೂ ಕಾಣದಷ್ಟು ಉಕ್ಕಿತು. ಆ ಸೇತುವೆ ಇಂದಿಗೂ ಇದೆ.

ಇನ್ನೊಂದು ನಮ್ಮ ತಾಲ್ಲೂಕಿನ ಅಂಚಿನ ಶಿವನಸಮುದ್ರದ್ದು. 1830ರ ಸುಮಾರಿಗೆ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ ಕಲ್ಲಿನ ಸೇತುವೆ. ಜನರ ಬಾಯಲ್ಲಿ ಅದು ವೆಸ್ಲಿ ಸೇತುವೆ. ಸುಮಾರು 190 ವರ್ಷ ನಿಂತಿದ್ದ ಅದರ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು.

ಹೊಳೆ ಒಂದೇ, ಕಟ್ಟಿದ್ದೂ ಕಲ್ಲಿನಲ್ಲೇ. ಹಾಗಾಗಿ "ಇಷ್ಟು ವರ್ಷ ನಿಂತಿದೆ, ಇನ್ನು ಬೀಳುತ್ತದೆಯೇ" ಎಂಬ ಮಾತನ್ನು ನಂಬಿ ಕೂರುವಂತಿಲ್ಲ. ಪ್ರವಾಹ ಬುಡದ ಮಣ್ಣನ್ನು ಕೊರೆಯುತ್ತದೆ. ತೇಲಿ ಬಂದ ಮರ, ಕಸ ಕಂಬಗಳ ನಡುವೆ ಸಿಕ್ಕಿ ನೀರಿನ ಒತ್ತಡ ಹೆಚ್ಚಿಸುತ್ತದೆ. ಮೇಲೆ ನೋಡಿದರೆ ಏನೂ ಕಾಣದು.

ಮನೆಯ ವಿಷಯವೂ ಹೀಗೆಯೇ. 2019ರ ನೆರೆಯಲ್ಲಿ ಸರ್ಕಾರ ಹಾನಿಯಾದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಶೇ 75ಕ್ಕಿಂತ ಹೆಚ್ಚು ಹಾನಿಯಾದರೆ ಎ, 5 ಲಕ್ಷ ರೂಪಾಯಿ. ಶೇ 15ರಿಂದ 25ರಷ್ಟಾದರೆ ಸಿ, 50 ಸಾವಿರ. ಪರಿಹಾರಕ್ಕೆ ಈ ಲೆಕ್ಕ ಬೇಕೇ ಬೇಕು. ಆದರೆ ಇದು ಗೋಡೆ ಬಿದ್ದ ಮೇಲಿನ ಲೆಕ್ಕ. ಗೋಡೆಯ ಕೆಳಗೆ ಮಲಗಿದ್ದವರಿಗೆ ಅದರಿಂದ ಏನು ಬಂತು?

ಬೀಳುವ ಮೊದಲಿನ ಲೆಕ್ಕವನ್ನು ನಾವೇ ಹಾಕಬಹುದು. ಮನೆಯ ಪಾಯ ಬೀದಿಗಿಂತ ಎಷ್ಟು ಎತ್ತರ? ರಸ್ತೆಗೆ ಕಾಂಕ್ರೀಟ್ ಹಾಕಿದ ಮೇಲೆ ಮನೆಯೇ ತಗ್ಗಾಯಿತೇ? ಮಣ್ಣಿನ ಗೋಡೆಯ ಕೆಳಗಿನ ಎರಡಡಿ ಕಲ್ಲೋ, ಮಣ್ಣೋ? ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೇ? ಮೋರಿ ಕಟ್ಟಿದೆಯೇ? ಮೇಲಿನ ಕೆರೆಯ ಕೋಡಿ ಹರಿದರೆ ನೀರು ಯಾವ ದಾರಿ ಹಿಡಿಯುತ್ತದೆ?

ಮಳೆ ನಿಂತಿತೆಂದು ಕೂಡಲೇ ಒಳಗೆ ಮಲಗುವುದೂ ಬೇಡ. ನೆನೆದ ಮಣ್ಣಿನ ಗೋಡೆ ಬಿಸಿಲು ಬಂದ ಮೇಲೂ ಕುಸಿಯುತ್ತದೆ. ಗೋಡೆ ಉಬ್ಬಿದ್ದರೆ, ಹೊಸ ಬಿರುಕು ಕಂಡರೆ ಮಕ್ಕಳನ್ನೂ ಕುರಿಗಳನ್ನೂ ಮೊದಲು ಆಚೆ ಕರೆತನ್ನಿ. ಫೋಟೊ ತೆಗೆದು ಪಂಚಾಯಿತಿಗೆ, ಗ್ರಾಮ ಆಡಳಿತಾಧಿಕಾರಿಗೆ ತಿಳಿಸುವುದು ಆಮೇಲೆ.