ಮಲೆನಾಡಿನ ತೋಟಗಳಿಗೆ ಗಂಬೂಟು: ಆಯ್ಕೆ ಮತ್ತು ನಿರ್ವಹಣೆ

ಮಳೆಗಾಲದಲ್ಲಿ ತೋಟ, ಗದ್ದೆಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ ಹಾವು ಕಡಿತ ಹಾಗೂ ಇಲಿಜ್ವರದ ಅಪಾಯವಿದೆ. ಇಲಿಯ ಮೂತ್ರ ಬೆರೆತ ನೀರಿನಲ್ಲಿರುವ ರೋಗಾಣುಗಳು ಕಾಲಿನ ಗಾಯ, ಬಿರುಕುಗಳ ಮೂಲಕ ದೇಹವನ್ನು ಪ್ರವೇಶಿಸುತ್ತವೆ. ಹಾವುಗಳು ಹೆಚ್ಚಾಗಿ ಮೊಣಕಾಲಿನ ಕೆಳಗೆ ಕಚ್ಚುವುದರಿಂದ ಅಷ್ಟು ಎತ್ತರದ ರಬ್ಬರ್ ಗಂಬೂಟು ಉತ್ತಮ.

ಇಳಿಜಾರಿನಲ್ಲಿ ಜಾರದಂತೆ ಅಡಿಭಾಗದಲ್ಲಿ ಆಳವಾದ ಗೀರುಗಳಿರಲಿ. ಕಾಲುಚೀಲ ಧರಿಸಿಯೇ ಅಳತೆ ನೋಡಿ. ಬೆರಳುಗಳ ಮುಂದೆ ತುಸು ಜಾಗವಿರಬೇಕು. ಚರ್ಮದ ಬೂಟು ಕೀಟನಾಶಕವನ್ನು ಹೀರಿಕೊಳ್ಳುವುದರಿಂದ ಸಿಂಪರಣೆಗೆ ಸೂಕ್ತವಲ್ಲ. ಸಿಂಪಡಿಸುವಾಗ ದ್ರಾವಣ ಒಳಗಿಳಿಯದಂತೆ ಪ್ಯಾಂಟನ್ನು ಗಂಬೂಟಿನ ಹೊರಗೆ ಇಳಿಬಿಡಿ.

ಬಳಸಿದ ನಂತರ ತೊಳೆದು, ನೆರಳಿನಲ್ಲಿ ಬೋರಲಾಗಿ ಒಣಗಿಸಿ. ಧರಿಸುವ ಮುನ್ನ ತಪ್ಪದೆ ಕೊಡವಿ. ಒಳಗೆ ಚೇಳು, ಹಾವು ಸೇರಿರಬಹುದು. ಸೀಳಿದ ಗಂಬೂಟಿನೊಳಗೆ ಕೊಳೆನೀರು ನಿಲ್ಲುವುದರಿಂದ ಅದನ್ನು ಕೂಡಲೇ ಬದಲಾಯಿಸಿ. ಕೂಲಿ ಕಾರ್ಮಿಕರಿಗೂ ಅವರವರ ಅಳತೆಯ ಜೋಡಿಯನ್ನು ಒದಗಿಸಿ.