ಸಾಂತಾ ಊರಿಗೆ ಹೊರಡುವ ಮುನ್ನ: ಬೂದಿಯಿಂದ ಎದ್ದ ಲ್ಯಾಪ್‌ಲ್ಯಾಂಡ್ ಕಥೆ

ಚಳಿಗಾಲದ ಫಿನ್‌ಲ್ಯಾಂಡ್ ಎಂದು ಫೋನಿನಲ್ಲಿ ಹುಡುಕಿ ನೋಡಿ. ಹಿಮ ಹೊತ್ತು ಬಾಗಿದ ಮರಗಳು, ಗಾಜಿನ ಗುಡಿಸಲಿನಲ್ಲಿ ಮಲಗಿ ಹಸಿರು ಬೆಳಕಿನ ಆಕಾಶ ನೋಡುವ ಜೋಡಿ, ಕೆಂಪು ಅಂಗಿಯ ಸಾಂತಾ ತಾತ, ಜಾರುಬಂಡಿ ಎಳೆಯುವ ನಾಯಿಗಳು. ಎಲ್ಲಿ ಹುಡುಕಿದರೂ ಹೆಚ್ಚು ಕಡಿಮೆ ಇವೇ ಚಿತ್ರಗಳು. ಅಪ್ಪ, ಅಮ್ಮ, ಮಕ್ಕಳು, ಅಜ್ಜಿ ಎಲ್ಲರೂ ಸೇರಿ ಹೋಗುವ ಪ್ರವಾಸ ಎಂದು ಇದನ್ನು ಮಾರಲಾಗುತ್ತಿದೆ.

ಈ ಚಿತ್ರಗಳ ನಡುವೆ ಇರುವ ಊರಿನ ಹೆಸರು ರೊವಾನಿಯೆಮಿ. ಫಿನ್‌ಲ್ಯಾಂಡಿನ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡಿಗೆ ಇದೇ ಹೆಬ್ಬಾಗಿಲು. 1944ರ ಅಕ್ಟೋಬರ್‌ನಲ್ಲಿ ಈ ಊರಿನ ಸುಮಾರು ಹತ್ತರಲ್ಲಿ ಒಂಬತ್ತು ಕಟ್ಟಡಗಳು ಸುಟ್ಟು ನೆಲಸಮವಾಗಿದ್ದವು. ಇವತ್ತು ಪ್ರವಾಸಿಗರು ಫೋಟೊ ತೆಗೆದುಕೊಳ್ಳುವ ಬೀದಿಗಳೆಲ್ಲ ಆ ಬೂದಿಯ ಮೇಲೆ ಕಟ್ಟಿದವು.

ಹೆಲ್ಸಿಂಕಿಯಿಂದ ಆರ್ಕ್ಟಿಕ್ ಕಡೆಗೆ ಒಂದು ಕುಟುಂಬ ಹೊರಟರೆ ಯಾವ ದಾರಿ ಹಿಡಿಯುತ್ತದೆ, ಆ ದಾರಿಯಲ್ಲಿ ಯಾರೆಲ್ಲ ಯಾವ ಹೊರೆ ಹೊತ್ತು ನಡೆದಿದ್ದರು ಎಂಬುದನ್ನು ನೋಡೋಣ. ಇದು ಗೊತ್ತಿದ್ದರೆ ಪ್ರವಾಸದ ಪ್ಲಾನೇ ಬೇರೆಯಾಗುತ್ತದೆ.

ರಾತ್ರಿ ರೈಲು

ರಾಜಧಾನಿ ಹೆಲ್ಸಿಂಕಿಯಿಂದ ರೊವಾನಿಯೆಮಿಗೆ ರಸ್ತೆಯಲ್ಲಿ 800 ಕಿಲೋಮೀಟರ್‌ಗಿಂತ ಹೆಚ್ಚು ದೂರ. ವಿಮಾನವಿದೆ. ಆದರೆ ಮಕ್ಕಳಿದ್ದವರು ರಾತ್ರಿ ರೈಲನ್ನು ಹೆಚ್ಚು ಇಷ್ಟಪಡುತ್ತಾರೆ. ಸಂಜೆಯೋ ರಾತ್ರಿಯೋ ಹತ್ತಿ, ಇಬ್ಬರು ಮಲಗುವ ಪುಟ್ಟ ಕೋಣೆಯಲ್ಲಿ ನಿದ್ದೆ ಮಾಡಿ, ಬೆಳಿಗ್ಗೆ ಕಣ್ಣು ಬಿಟ್ಟರೆ ಕಿಟಕಿಯಾಚೆ ಬರೀ ಹಿಮ. ಬೇಕಿದ್ದರೆ ಕಾರನ್ನೂ ಅದೇ ರೈಲಿಗೆ ಹತ್ತಿಸಬಹುದು.

ಈ ಹಳಿ ರೊವಾನಿಯೆಮಿ ಮುಟ್ಟಿದ್ದು 1909ರಲ್ಲಿ. ಆಗ ಫಿನ್‌ಲ್ಯಾಂಡ್ ರಷ್ಯಾದ ಚಕ್ರವರ್ತಿಯ ಅಧೀನದಲ್ಲಿತ್ತು. ಸ್ವಾತಂತ್ರ್ಯ ಘೋಷಿಸಿಕೊಂಡದ್ದು 1917ರ ಡಿಸೆಂಬರ್ 6ರಂದು. ರೈಲು ಬರುವ ಮೊದಲು ರೊವಾನಿಯೆಮಿ ಎರಡು ನದಿಗಳು ಕೂಡುವ ಕಡೆ ಇದ್ದ ಹಳ್ಳಿ. ಕಾಡಿನಲ್ಲಿ ಕಡಿದ ಮರದ ದಿಮ್ಮಿಗಳನ್ನು ನದಿಗೆ ತಳ್ಳಿ ತೇಲಿಸುತ್ತಿದ್ದರು. ದಿಮ್ಮಿ ಸಾಗಿಸುವ ಕೂಲಿಗಳು, ವ್ಯಾಪಾರಿಗಳು ಅಲ್ಲಿ ಸೇರುತ್ತಿದ್ದರು. ಸಾಂತಾ ತಾತನ ಸುದ್ದಿ ಆ ಕಾಲದಲ್ಲಿ ಅಲ್ಲಿ ಇರಲೇ ಇಲ್ಲ.

ಹಸು ಹೊಡೆದುಕೊಂಡು ಹೊರಟವರು

1939ರ ನವೆಂಬರ್ 30ರಂದು ಸೋವಿಯತ್ ಒಕ್ಕೂಟ ಫಿನ್‌ಲ್ಯಾಂಡಿನ ಮೇಲೆ ದಾಳಿ ಮಾಡಿತು. ಮೂರೂವರೆ ತಿಂಗಳ ಆ ಯುದ್ಧದಲ್ಲಿ ಫಿನ್‌ಲ್ಯಾಂಡ್ ಭೂಮಿ ಕಳೆದುಕೊಂಡಿತು. ಅದನ್ನು ಮರಳಿ ಪಡೆಯಬೇಕೆಂದು 1941ರಲ್ಲಿ ಹಿಟ್ಲರನ ಜರ್ಮನಿಯ ಜೊತೆ ನಿಂತು ಮತ್ತೆ ಯುದ್ಧಕ್ಕಿಳಿಯಿತು. ಸುಮಾರು ಎರಡು ಲಕ್ಷ ಜರ್ಮನ್ ಸೈನಿಕರು ಲ್ಯಾಪ್‌ಲ್ಯಾಂಡಿನಲ್ಲಿ ಬೀಡುಬಿಟ್ಟರು. ಇಂದು ಪ್ರವಾಸಿಗರು ಇಳಿಯುವ ರೊವಾನಿಯೆಮಿಯ ವಿಮಾನ ನಿಲ್ದಾಣವನ್ನು ಆಗ ಜರ್ಮನ್ ವಾಯುಪಡೆ ಬಳಸುತ್ತಿತ್ತು.

1944ರ ಸೆಪ್ಟೆಂಬರ್‌ನಲ್ಲಿ ಲೆಕ್ಕ ತಲೆಕೆಳಗಾಯಿತು. ಸೋತು ಸುಸ್ತಾಗಿದ್ದ ಫಿನ್‌ಲ್ಯಾಂಡ್ ಸೋವಿಯತ್ ಒಕ್ಕೂಟದ ಜೊತೆ ಕದನವಿರಾಮಕ್ಕೆ ಒಪ್ಪಿತು. ನಿಮ್ಮ ನೆಲದಲ್ಲಿರುವ ಜರ್ಮನ್ನರನ್ನು ನೀವೇ ಹೊರಗಟ್ಟಬೇಕು ಎಂಬ ಷರತ್ತು ಅದರಲ್ಲಿತ್ತು. ನಿನ್ನೆಯವರೆಗೆ ಒಟ್ಟಿಗೆ ಕೂತು ಕಾಫಿ ಕುಡಿದವರ ಮೇಲೆ ಇಂದು ಬಂದೂಕು ಎತ್ತಬೇಕಾಯಿತು.

ಯುದ್ಧ ತಮ್ಮ ಅಂಗಳಕ್ಕೇ ಬರುತ್ತದೆ ಎಂದು ತಿಳಿದಾಗ ಲ್ಯಾಪ್‌ಲ್ಯಾಂಡನ್ನು ಖಾಲಿ ಮಾಡಿಸಲಾಯಿತು. ಸುಮಾರು ಒಂದು ಲಕ್ಷ ಜನ ಮನೆ ಬಿಟ್ಟರು. ಅರ್ಧಕ್ಕಿಂತ ಹೆಚ್ಚು ಜನ ಗಡಿ ದಾಟಿ ಸ್ವೀಡನ್‌ಗೆ ಹೋದರು. ಉಳಿದವರು ಫಿನ್‌ಲ್ಯಾಂಡಿನ ದಕ್ಷಿಣದ ಕಡೆಗೆ ಹೊರಟರು. ಗಂಡಸರು ಸೈನ್ಯದಲ್ಲಿದ್ದರು. ಹಾಗಾಗಿ ಮನೆ ಮುಚ್ಚಿ, ಗಂಟು ಕಟ್ಟಿ, ಮಕ್ಕಳು ಮುದುಕರನ್ನು ಹೊರಡಿಸಿದ್ದು ಹೆಂಗಸರೇ.

ದನ ಸಾಕಿದವರಿಗೆ ಅವರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಜನ ರೈಲು, ಲಾರಿಗಳಲ್ಲಿ ಹೋಗಬಹುದಿತ್ತು. ಹಸುಗಳಿಗೆ ಹೆಚ್ಚಾಗಿ ನಡೆದೇ ಹೋಗುವ ಗತಿ. ಹೆಂಗಸರು, ಹದಿಹರೆಯದ ಹುಡುಗ ಹುಡುಗಿಯರು ಹಸುಗಳನ್ನು ಹೊಡೆದುಕೊಂಡು ದಿನಗಟ್ಟಲೆ ಗಡಿಯ ನದಿಯ ಕಡೆ ನಡೆದರು. ಸ್ವೀಡನ್ನಿನ ಶಿಬಿರಗಳಲ್ಲಿ ಅನ್ನ, ಬಟ್ಟೆ ಸಿಕ್ಕಿತು. ರೋಗಗಳೂ ಹಬ್ಬಿದವು. ಕೆಲವು ಪುಟ್ಟ ಮಕ್ಕಳು, ವೃದ್ಧರು ಮನೆಗೆ ಮರಳಲೇ ಇಲ್ಲ.

ಸುಟ್ಟ ಊರು, ಕೊಂಬಿನ ನಕ್ಷೆ

ಮೊದಮೊದಲು ಎರಡೂ ಕಡೆಯವರು ನಿಜವಾದ ಕಾಳಗ ತಪ್ಪಿಸಿಕೊಂಡರು. ಜರ್ಮನ್ನರು ಹಿಂದೆ ಸರಿಯುತ್ತಿದ್ದರು, ಫಿನ್ನಿಶರು ಅಂತರ ಇಟ್ಟುಕೊಂಡು ಹಿಂಬಾಲಿಸುತ್ತಿದ್ದರು. ಅಕ್ಟೋಬರ್ 1ರಂದು ಫಿನ್ನಿಶ್ ಸೈನಿಕರು ತೋರ್ನಿಯೊ ಎಂಬಲ್ಲಿ ಹಡಗುಗಳಿಂದ ಇಳಿದು ದಾಳಿ ಮಾಡಿದ ಮೇಲೆ ಆ ಒಳ ಒಪ್ಪಂದ ಮುರಿಯಿತು.

ಆಮೇಲೆ ಜರ್ಮನ್ ಸೈನ್ಯ ನಾರ್ವೆಯ ಕಡೆ ಹಿಮ್ಮೆಟ್ಟುತ್ತಾ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ನಾಶ ಮಾಡಿತು. ಮನೆಗಳಿಗೆ ಬೆಂಕಿ, ಸೇತುವೆಗಳಿಗೆ ಸಿಡಿಮದ್ದು, ರಸ್ತೆಗಳಲ್ಲಿ ನೆಲಬಾಂಬು. ಹಿಂದೆ ಬರುವ ಸೈನ್ಯಕ್ಕೆ ಚಳಿಗಾಲದಲ್ಲಿ ತಲೆ ಮರೆಸಿಕೊಳ್ಳಲು ಒಂದು ಸೂರೂ ಸಿಗಬಾರದು ಎಂಬುದು ಲೆಕ್ಕಾಚಾರ. ರೊವಾನಿಯೆಮಿಯ ರೈಲು ನಿಲ್ದಾಣದಲ್ಲಿ ಮದ್ದುಗುಂಡು ತುಂಬಿದ ರೈಲೊಂದು ಸಿಡಿದು ನಾಶ ಇನ್ನೂ ಹೆಚ್ಚಾಯಿತು. ಕೊನೆಯ ಜರ್ಮನ್ ಸೈನಿಕ ಫಿನ್‌ಲ್ಯಾಂಡ್ ಬಿಟ್ಟದ್ದು 1945ರ ಏಪ್ರಿಲ್ 27ರಂದು.

ಮರಳಿ ಬಂದವರಿಗೆ ಕಂಡದ್ದು ಒಲೆಯ ಚಿಮಣಿಗಳು ಮಾತ್ರ. ಮರದ ಮನೆ ಸುಟ್ಟರೂ ಇಟ್ಟಿಗೆಯ ಚಿಮಣಿ ನಿಂತಿರುತ್ತದೆ. ಎಷ್ಟೋ ಕುಟುಂಬಗಳು ಮೊದಲು ಬಿಸಿ ಸ್ನಾನದ ಸೌನಾ ಕಟ್ಟಿಕೊಂಡು, ಮನೆ ಏಳುವ ತನಕ ಅದರಲ್ಲೇ ಬದುಕಿದವು. ಯುದ್ಧ ಮುಗಿದ ಮೇಲೂ ನೆಲಬಾಂಬುಗಳು ಜನರನ್ನು ಕೊಲ್ಲುತ್ತಲೇ ಇದ್ದವು.

ಊರನ್ನು ಹೊಸದಾಗಿ ಕಟ್ಟಲು ನಕ್ಷೆ ಬರೆದವರು ಫಿನ್‌ಲ್ಯಾಂಡಿನ ಹೆಸರಾಂತ ವಾಸ್ತುಶಿಲ್ಪಿ ಆಲ್ವರ್ ಆಲ್ಟೊ. ಮುಖ್ಯ ರಸ್ತೆಗಳು ಹಿಮಸಾರಂಗದ ಕೊಂಬಿನಂತೆ ಹರಡಿಕೊಂಡಿವೆ, ಆಟದ ಮೈದಾನವೇ ಅದರ ಕಣ್ಣು. ಫೋನಿನ ಮ್ಯಾಪ್ ತೆರೆದು ನೋಡಿದರೆ ಇಂದಿಗೂ ಆ ಆಕಾರದ ಗುರುತು ಸಿಗುತ್ತದೆ. ಆಲ್ಟೊ ಅವರೇ ರೂಪಿಸಿದ ಗ್ರಂಥಾಲಯ 1965ರಲ್ಲಿ ಸಿದ್ಧವಾಯಿತು. ಇದೇ ಊರಿನ ಆರ್ಕ್ಟಿಕುಮ್ ವಸ್ತುಸಂಗ್ರಹಾಲಯದಲ್ಲಿ ಯುದ್ಧಕ್ಕೆ ಮೊದಲಿನ ರೊವಾನಿಯೆಮಿಯದೊಂದು, ಸುಟ್ಟ ಮೇಲಿನದೊಂದು ಪುಟ್ಟ ಮಾದರಿ ಇಟ್ಟಿದ್ದಾರೆ. ಮಕ್ಕಳನ್ನು ಸಾಂತಾ ಬಳಿ ಕರೆದುಕೊಂಡು ಹೋಗುವ ಮೊದಲು ಇವೆರಡನ್ನು ತೋರಿಸಿ.

ಸಾಂತಾ ಬಂದದ್ದು ಹೇಗೆ

ಫಿನ್ನಿಶ್ ಭಾಷೆಯಲ್ಲಿ ಸಾಂತಾಗೆ ಯೌಲುಪುಕ್ಕಿ ಎನ್ನುತ್ತಾರೆ. ಅದರ ಅರ್ಥ ಕ್ರಿಸ್‌ಮಸ್ ಹೋತ! ಹಿಂದೆ ಹಬ್ಬದ ಕೊನೆಗೆ ಗಂಡಸರು ಕೊಂಬು, ಚರ್ಮ, ಮುಖವಾಡ ಹಾಕಿ ಹೋತನ ವೇಷದಲ್ಲಿ ಮನೆಮನೆಗೆ ನುಗ್ಗಿ ಉಳಿದ ತಿಂಡಿ, ಮದ್ಯ ಕೇಳುತ್ತಿದ್ದರು. ಉಡುಗೊರೆ ಕೊಡುವ ತಾತ ಆಮೇಲೆ ಬಂದವನು, ಹೋತನ ಹೆಸರು ಅವನಿಗೆ ಅಂಟಿಕೊಂಡಿತು.

1927ರಲ್ಲಿ ಮಕ್ಕಳ ರೇಡಿಯೊ ಕಾರ್ಯಕ್ರಮ ನಡೆಸುತ್ತಿದ್ದ ಮಾರ್ಕುಸ್ ಮಾಮ, ಸಾಂತಾ ಇರುವುದು ಕೊರ್ವತುಂತುರಿ ಬೆಟ್ಟದಲ್ಲಿ ಎಂದರು. ಅದು ರಷ್ಯಾ ಗಡಿಯಲ್ಲಿರುವ, ಕಿವಿಯ ಆಕಾರದ ಬೆಟ್ಟ. ಅಲ್ಲಿ ಕೂತು ಎಲ್ಲ ಮಕ್ಕಳ ಮಾತೂ ಕೇಳಿಸಿಕೊಳ್ಳುತ್ತಾನೆ ಎಂಬ ಕಥೆ ಮನೆಮಾತಾಯಿತು.

ಆದರೆ ಗಡಿಯ ಬೆಟ್ಟಕ್ಕೆ ಪ್ರವಾಸಿಗರನ್ನು ಕರೆದೊಯ್ಯುವುದು ಕಷ್ಟ. ಅಷ್ಟರಲ್ಲಿ ಇನ್ನೊಂದು ಜಾಗ ಹೆಸರು ಮಾಡಿತ್ತು. 1950ರ ಜೂನ್‌ನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಮರುನಿರ್ಮಾಣದ ಕೆಲಸ ನೋಡಲು ರೊವಾನಿಯೆಮಿಗೆ ಬಂದರು. ಅವರಿಗಾಗಿ ಊರಿನಿಂದ ಸುಮಾರು 8 ಕಿಲೋಮೀಟರ್ ಉತ್ತರಕ್ಕೆ, ಆರ್ಕ್ಟಿಕ್ ವೃತ್ತದ ಬಳಿ ಆತುರಾತುರವಾಗಿ ಒಂದು ಮರದ ಮನೆ ಕಟ್ಟಿದರು. ಆ ಮನೆ ನೋಡಲು ಜನ ಬರತೊಡಗಿದರು. 1985ರಲ್ಲಿ ಅಲ್ಲೇ ಸಾಂತಾ ಗ್ರಾಮ ತೆರೆಯಿತು. ಆ ಪುಟ್ಟ ಮನೆ ಇನ್ನೂ ಇದೆ. ಸುತ್ತಲಿನ ಅಂಗಡಿ ಸಾಲಿನ ನಡುವೆ ಅದನ್ನು ಗಮನಿಸುವವರು ಕಡಿಮೆ.

ಇದರಲ್ಲಿ ಮೋಸ ಏನಿಲ್ಲ. ಎಲ್ಲ ಕಳೆದುಕೊಂಡ ಊರು ದುಡಿಮೆಗೆ ಒಂದು ದಾರಿ ಹುಡುಕಿಕೊಂಡಿತು. ಆದರೆ ಲ್ಯಾಪ್‌ಲ್ಯಾಂಡ್ ಎಂದರೆ ಅನಾದಿ ಕಾಲದಿಂದ ಸಾಂತಾ ನಾಡು ಎಂದು ಮಕ್ಕಳಿಗೆ ಹೇಳಿದರೆ, ಅಲ್ಲಿ ನಿಜವಾಗಿ ಅನಾದಿಯಿಂದ ಇರುವವರು ಮರೆಯಾಗಿಬಿಡುತ್ತಾರೆ.

ಮುಳುಗಿದ ಹಳ್ಳಿಗಳ ಪಕ್ಕ

ರೊವಾನಿಯೆಮಿಯಿಂದ ಉತ್ತರಕ್ಕೆ ಇನಾರಿ ಎಂಬ ಹಳ್ಳಿಗೆ ಸುಮಾರು 325 ಕಿಲೋಮೀಟರ್. ನಡುವೆ ಸಿಗುವ ಸೊದಾನ್‌ಕ್ಯುಲಾದಲ್ಲಿ 1689ರ ಮರದ ಚರ್ಚ್ ಇದೆ. ಸುತ್ತಮುತ್ತ ಎಲ್ಲ ಸುಟ್ಟಾಗಲೂ ಅದು ಉಳಿಯಿತು.

ಇನ್ನೂ ಮುಂದೆ ವುವೊತ್ಸೊ ಎಂಬ ಸಾಮಿ ಜನರ ಹಳ್ಳಿ. ಅದರ ಆಸುಪಾಸಿನಲ್ಲಿ ಲೊಕ್ಕಾ ಮತ್ತು ಪೊರ್ತಿಪಾಹ್ತಾ ಎಂಬ ಎರಡು ಭಾರಿ ಜಲಾಶಯಗಳಿವೆ. ವಿದ್ಯುತ್ತಿಗಾಗಿ 1960ರ ದಶಕದ ಕೊನೆಯಲ್ಲಿ ಕಟ್ಟಿದವು. ಹಳ್ಳಿಗಳು, ಹುಲ್ಲುಗಾವಲು, ಹಿಮಸಾರಂಗ ಮೇಯುವ ನೆಲ ನೀರಿನಡಿ ಹೋದವು. ಯುದ್ಧದ ನಂತರ ಮರಳಿ ಬಂದು ಬದುಕು ಕಟ್ಟಿಕೊಂಡಿದ್ದ ಕುಟುಂಬಗಳು ಮತ್ತೊಮ್ಮೆ ಗಂಟು ಕಟ್ಟಿದವು. ಮುಳುಗಡೆ, ಪರಿಹಾರ, ಪುನರ್ವಸತಿ ಎಂಬ ಪದಗಳು ಆಲಮಟ್ಟಿ, ಲಿಂಗನಮಕ್ಕಿ ಕಂಡ ನಮಗೆ ಹೊಸವಲ್ಲ.

ಇನಾರಿಯ ಸಾಮಿ ಜನ

ಸಾಮಿ ಜನ ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ರಷ್ಯಾ ಈ ನಾಲ್ಕೂ ದೇಶಗಳ ಉತ್ತರದಲ್ಲಿ ಹರಡಿದ್ದಾರೆ. ಗಡಿಗಳು ಅವರ ನಂತರ ಬಂದವು. ಫಿನ್‌ಲ್ಯಾಂಡಿನಲ್ಲಿ ಸುಮಾರು 10,000 ಮಂದಿ ಇದ್ದಾರೆ. ಇಲ್ಲಿ ಮೂರು ಸಾಮಿ ಭಾಷೆಗಳಿವೆ. ಅವುಗಳಲ್ಲಿ ಇನಾರಿ ಸಾಮಿ ಮಾತಾಡುವವರು ಕೆಲವೇ ನೂರು ಜನ. ಯುದ್ಧದ ನಂತರದ ವಸತಿಶಾಲೆಗಳಲ್ಲಿ ಮಕ್ಕಳು ಫಿನ್ನಿಶ್‌ನಲ್ಲೇ ಕಲಿಯಬೇಕಿತ್ತು. ಮನೆಯಿಂದ ದೂರವಿದ್ದು ಎಷ್ಟೋ ಮಕ್ಕಳು ತಾಯಿನುಡಿಯನ್ನೇ ಕಳೆದುಕೊಂಡರು. ತಪ್ಪನ್ನು ತಿದ್ದಿಕೊಳ್ಳಲು 1997ರಿಂದ ಇನಾರಿಯಲ್ಲಿ ಪುಟ್ಟ ಮಕ್ಕಳಿಗಾಗಿ 'ಭಾಷಾ ಗೂಡು' ನಡೆಯುತ್ತಿದೆ. ಅಲ್ಲಿ ದಿನವಿಡೀ ಇನಾರಿ ಸಾಮಿಯಲ್ಲೇ ಮಾತು, ಆಟ, ಊಟ.

ಸಾಮಿಗಳಲ್ಲೇ ಸ್ಕೋಲ್ಟ್ ಎಂಬ ಪಂಗಡದ ಕಥೆ ಇನ್ನೂ ಗಟ್ಟಿ. ಅವರ ಪೆತ್ಸಾಮೊ ಪ್ರದೇಶವನ್ನು 1944ರಲ್ಲಿ ಫಿನ್‌ಲ್ಯಾಂಡ್ ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಟ್ಟಿತು. ನೆಲ ಗಡಿಯಾಚೆ ಉಳಿಯಿತು, ಜನ ಈಚೆ ಬಂದರು. ಅವರಲ್ಲಿ ಹಲವರನ್ನು 1949ರಲ್ಲಿ ಸೆವೆತ್ತಿಯಾರ್ವಿ ಎಂಬಲ್ಲಿ ನೆಲೆಗೊಳಿಸಿದರು. ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಅಲ್ಲಿದ್ದಾರೆ.

ಇನಾರಿಯ ಸೀಡಾ ವಸ್ತುಸಂಗ್ರಹಾಲಯ ಈ ಇಡೀ ಕಥೆ ಹೇಳುತ್ತದೆ. ಹೆಲ್ಸಿಂಕಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದ ಎರಡು ಸಾವಿರಕ್ಕೂ ಹೆಚ್ಚು ಸಾಮಿ ವಸ್ತುಗಳನ್ನು 2021ರಲ್ಲಿ ಇಲ್ಲಿಗೆ ಹಿಂದಿರುಗಿಸಿದರು. ಅಜ್ಜಿಯ ಕಾಲದ ಟೋಪಿ, ಚಾಕು, ತೊಟ್ಟಿಲುಗಳಂಥ ವಸ್ತುಗಳು ಆ ಊರಿನವರ ಕಣ್ಣೆದುರಿಗೇ ಮರಳಿದವು.

ಪ್ರವಾಸೋದ್ಯಮ ಸಾಮಿಗಳಿಗೆ ದುಡ್ಡನ್ನೂ ತಂದಿದೆ, ಅವಮಾನವನ್ನೂ ತಂದಿದೆ. ಸಾಮಿ ಅಲ್ಲದವರು ಸಾಮಿ ಉಡುಗೆಯ ಅಗ್ಗದ ನಕಲು ತೊಟ್ಟು, ಇಲ್ಲದ ಮಂತ್ರ ತಂತ್ರ ಮಾಡಿ ತೋರಿಸಿದ್ದು ಅವರಿಗೆ ನೋವು ಕೊಟ್ಟಿತು. ನಾಯಿಗಾಡಿ ಸವಾರಿಯೂ ಸಾಮಿಗಳ ಪರಂಪರೆಯಲ್ಲ, ಹೊರಗಿನಿಂದ ಪ್ರವಾಸಿಗರಿಗಾಗಿ ಬಂದದ್ದು. ಅವರ ಪ್ರಾಣಿ ಹಿಮಸಾರಂಗ. 2018ರಲ್ಲಿ ಸಾಮಿ ಸಂಸತ್ತು ಪ್ರವಾಸೋದ್ಯಮ ಹೇಗಿರಬೇಕು ಎಂಬ ನಿಯಮಾವಳಿಯನ್ನೇ ಹೊರಡಿಸಿತು.

ಹಾಗಾದರೆ ಪ್ಲಾನ್ ಹೇಗಿರಲಿ?

ಎಂಟು ದಿನ ಸಾಕು. ಒಂದು ದಿನ ಹೆಲ್ಸಿಂಕಿ, ರಾತ್ರಿ ರೈಲು. ರೊವಾನಿಯೆಮಿಗೆ ಎರಡು ದಿನ: ಮೊದಲ ದಿನ ಆರ್ಕ್ಟಿಕುಮ್ ಮತ್ತು ಗ್ರಂಥಾಲಯ, ಮರುದಿನ ಆರ್ಕ್ಟಿಕ್ ವೃತ್ತದ ಆ ಹಳೇ ಮನೆ ಮತ್ತು ಸಾಂತಾ. ನಾಲ್ಕನೇ ದಿನ ಬಸ್ಸಿನಲ್ಲೋ ಕಾರಿನಲ್ಲೋ ಇನಾರಿಗೆ. ಅಲ್ಲಿ ಮೂರು ದಿನ ನಿಲ್ಲಿ. ಕೊನೆಗೆ ಹತ್ತಿರದ ಇವಾಲೊ ನಿಲ್ದಾಣದಿಂದ ವಿಮಾನದಲ್ಲಿ ಹೆಲ್ಸಿಂಕಿಗೆ ವಾಪಸ್. ಭಾರತದವರಿಗೆ ಷೆಂಗೆನ್ ವೀಸಾ ಬೇಕು.

ಡಿಸೆಂಬರ್‌ನಲ್ಲಿ ಜನ, ದರ ಎರಡೂ ಜಾಸ್ತಿ, ಬೆಳಕು ಕಡಿಮೆ. ಇನಾರಿಯಲ್ಲಿ ಆ ತಿಂಗಳು ಹೆಚ್ಚು ಕಡಿಮೆ ಪೂರ್ತಿ ಸೂರ್ಯ ಹುಟ್ಟುವುದಿಲ್ಲ. ಮಾರ್ಚ್‌ನಲ್ಲಿ ಹಿಮವೂ ಇರುತ್ತದೆ, ಹಗಲೂ ಇರುತ್ತದೆ, ರಾತ್ರಿ ಮೋಡವಿಲ್ಲದಿದ್ದರೆ ಧ್ರುವಪ್ರಭೆ ಕಾಣುವ ಅವಕಾಶವೂ ಚೆನ್ನಾಗಿರುತ್ತದೆ. ಮಕ್ಕಳು, ಹಿರಿಯರು ಇದ್ದರೆ ಮಾರ್ಚೇ ಒಳ್ಳೆಯದು. ಥಂಡಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗುವ ದಿನಗಳಿರುತ್ತವೆ. ಒಂದು ದಪ್ಪ ಕೋಟಿಗಿಂತ ಉಣ್ಣೆಯ ಎರಡು ಮೂರು ಪದರ ಹೆಚ್ಚು ಬೆಚ್ಚಗಿಡುತ್ತದೆ. ಫೋನ್ ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಕಾರು ಓಡಿಸುವವರು ನಿಧಾನವಾಗಿ ಹೋಗಿ, ಹಿಮಸಾರಂಗಗಳು ರಸ್ತೆಗೇ ಬಂದು ನಿಲ್ಲುತ್ತವೆ.

ಸಾಮಿ ಕಾರ್ಯಕ್ರಮ ಎಂದು ಯಾರಾದರೂ ಟಿಕೆಟ್ ಮಾರಿದರೆ, ನಡೆಸುವವರು ಸಾಮಿಗಳೇ ಎಂದು ಮೊದಲು ಕೇಳಿ. ಹಿಮಸಾರಂಗ ಸಾಕುವವರ ಮನೆಗೆ ಹೋದರೆ ಎಷ್ಟು ತಲೆ ಇವೆ ಎಂದು ಮಾತ್ರ ಕೇಳಬೇಡಿ. ಅದು ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಎಂದು ಕೇಳಿದ ಹಾಗೆ. ಬದಲಿಗೆ ಅವರ ಅಜ್ಜಿ 1944ರಲ್ಲಿ ಎಲ್ಲಿಗೆ ಹೋಗಿದ್ದರು, ಯಾವಾಗ ಮರಳಿದರು ಎಂದು ಕೇಳಿ ನೋಡಿ. ಉತ್ತರದ ಬಹುತೇಕ ಮನೆಗಳಲ್ಲಿ ಈ ಪ್ರಶ್ನೆಗೆ ಹೇಳಲು ಏನಾದರೂ ಇರುತ್ತದೆ.