ಆಮ್ಲ ಅನ್‌ಹೈಡ್ರೈಡ್: ಹೆಸರಿನ ಇತಿಹಾಸ, ಚಿತ್ತಾಪುರ ಸೀಮೆಯ ನಿದರ್ಶನ

ಆಮ್ಲದಿಂದ ನೀರಿನಂಶ ಕಳೆದಾಗ ಉಳಿಯುವ ಸಂಯುಕ್ತ ಆಮ್ಲ ಅನ್‌ಹೈಡ್ರೈಡ್. ನೀರು ಕೂಡಿದರೆ ಮತ್ತೆ ಆಮ್ಲ. ವ್ಯಾಖ್ಯೆ ಸರಳ, ತೊಡಕಿರುವುದು ಯಾವುದನ್ನು ಹೀಗೆ ಕರೆಯಬೇಕೆಂಬಲ್ಲಿ. ಇಂದಿನ ಪಠ್ಯಗಳಲ್ಲಿ ಈ ಹೆಸರು ಹೆಚ್ಚಾಗಿ ಅಸಿಟಿಕ್ ಅನ್‌ಹೈಡ್ರೈಡ್‌ನಂಥ ಸಾವಯವ ವಸ್ತುಗಳಿಗೆ ಸಲ್ಲುತ್ತದೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಕಾರ್ಬನ್ ಡೈಆಕ್ಸೈಡ್, ಸಿಲಿಕಾಗಳೂ ಅನ್‌ಹೈಡ್ರೈಡ್‌ಗಳೇ. ಅದಕ್ಕೂ ಹಿಂದೆ ಇವನ್ನೇ ‘ಆಮ್ಲ’ ಎನ್ನುತ್ತಿದ್ದರು. ಹಾಗಾಗಿ ಹಳೆಯ ಬರಹದ ‘ಕಾರ್ಬಾನಿಕ್ ಆಮ್ಲ’ ಅನಿಲವೋ, ಅದು ಕರಗಿದ ನೀರೋ, ಸಂದರ್ಭ ನೋಡಿಯೇ ತಿಳಿಯಬೇಕು.

ಹಳೆಯ ಅರ್ಥಕ್ಕೆ ಚಿತ್ತಾಪುರ ಸೀಮೆಯ ಶಹಾಬಾದ್, ವಾಡಿ, ಸೇಡಂಗಳಿಗಿಂತ ಒಳ್ಳೆಯ ನಿದರ್ಶನ ಸಿಗದು. ಇಲ್ಲಿ ನೆಲದಡಿ ಭೀಮಾ ಶಿಲಾಸಮೂಹದ ಸುಣ್ಣಕಲ್ಲು ಪದರುಪದರಾಗಿ ಹಾಸಿದೆ. ಎಬ್ಬಿಸಿದರೆ ಮನೆಯ ನೆಲಕ್ಕೆ ಹಾಸುವ ಫರಸಿ. ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಸಿದರೆ ಎರಡು ಅನ್‌ಹೈಡ್ರೈಡ್. ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ 100 ಕಿಲೋ ಸುಟ್ಟರೆ 56 ಕಿಲೋ ಸುಟ್ಟಸುಣ್ಣ ಉಳಿದು, 44 ಕಿಲೋ ಕಾರ್ಬನ್ ಡೈಆಕ್ಸೈಡ್ ಅನಿಲ ಚಿಮಣಿ ಏರುತ್ತದೆ. ಸುಣ್ಣ ಪ್ರತ್ಯಾಮ್ಲದ ಅನ್‌ಹೈಡ್ರೈಡ್, ಅನಿಲ ಆಮ್ಲದ್ದು. ಸುಟ್ಟ ಹೆಂಟೆಗೆ ನೀರು ಚಿಮುಕಿಸಿದರೆ ಸುಂಯ್‌ಗುಟ್ಟಿ, ಹಬೆ ಕಾರಿ, ಬಿರಿದು ಹಿಟ್ಟಾಗುತ್ತದೆ. ಸುಣ್ಣ ಅರಳುವುದೆಂದರೆ ಇದೇ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಕಾದ ಸುಣ್ಣಕಲ್ಲು ಒಂದು ಬೇರೆಯೇ ಗಾಳಿಯನ್ನು ಬಿಟ್ಟುಕೊಡುತ್ತದೆಂದು ರಸಾಯನವಿಜ್ಞಾನಿ ಜೋಸೆಫ್ ಬ್ಲ್ಯಾಕ್ 1756ರಲ್ಲಿ ತೋರಿಸಿದ್ದ.

ಇದೇ ಸುಣ್ಣಕಲ್ಲಿನಿಂದ ಸಿಮೆಂಟೂ ಆಗುತ್ತದೆ. ಶಹಾಬಾದಿನ ಸಿಮೆಂಟ್ ಕಾರ್ಖಾನೆ ನಿಜಾಮರ ಕಾಲದ್ದು, 1936ರಲ್ಲಿ ಎಸಿಸಿ ಕಂಪನಿಯೊಳಗೆ ಸೇರಿತು, ವಾಡಿಯದು ಆಮೇಲಿನದು. ಸಿಮೆಂಟ್ ಕಿಲ್ನ್‌ನಲ್ಲಿ 1450 ಡಿಗ್ರಿಯ ಆಸುಪಾಸಿನಲ್ಲಿ ಸುಣ್ಣ ಸಿಲಿಕಾದೊಡನೆ ಕೂಡಿ ಕ್ಲಿಂಕರ್ ಆಗುತ್ತದೆ. ಲವಣವೆಂದರೆ ಇಂಥ ಎರಡು ಆಕ್ಸೈಡ್‌ಗಳ ಜೋಡಿ ಎಂಬ ವಿಜ್ಞಾನಿ ಬರ್ಜೀಲಿಯಸ್‌ನ ವಾದ ರಸಾಯನಶಾಸ್ತ್ರದಲ್ಲಿ ಎಂದೋ ಬಿದ್ದುಹೋಯಿತು. ಸಿಮೆಂಟ್ ಪ್ರಯೋಗಾಲಯದ ಹಾಳೆಯಲ್ಲಿ ಮಾತ್ರ ಅದರ ಜಾಡು ಉಳಿದಿದೆ: ಸುಣ್ಣಕ್ಕೆ ‘ಸಿ’, ಸಿಲಿಕಾಕ್ಕೆ ‘ಎಸ್’, ಕ್ಲಿಂಕರಿನ ಮುಖ್ಯ ಲವಣಕ್ಕೆ ‘ಸಿ3ಎಸ್’. ಇವೇ ಅಕ್ಷರಗಳು ಕಾರ್ಬನ್, ಗಂಧಕಗಳ ಸಂಕೇತವೂ ಆದ್ದರಿಂದ ಕಾಲೇಜಿನಿಂದ ನೇರ ಬಂದವರು ತಬ್ಬಿಬ್ಬಾದರೆ ಆಶ್ಚರ್ಯವಿಲ್ಲ. ಹೆಸರಿನ ಇನ್ನೊಂದು ಗೊಂದಲ ‘ಅನ್‌ಹೈಡ್ರೈಟ್’. ಅದು ಜಿಪ್ಸಮ್‌ನ ನೀರಿಲ್ಲದ ರೂಪವಾದ ಖನಿಜ.

ಬರ್ಜೀಲಿಯಸ್‌ನ ವಾದವನ್ನು ಕೆಡವಿದವರಲ್ಲೊಬ್ಬನಾದ ಗೆರ್ಹಾರ್ಟ್‌ 1852ರಲ್ಲಿ ಪೊಟ್ಯಾಸಿಯಂ ಅಸಿಟೇಟನ್ನು ಬೆಂಜಾಯಿಲ್ ಕ್ಲೋರೈಡಿನೊಡನೆ ಕಾಸಿ ಅಸಿಟಿಕ್ ಅನ್‌ಹೈಡ್ರೈಡ್ ಪಡೆದ. ಹೆಸರು ಸಾವಯವದ ಕಡೆ ವಾಲತೊಡಗಿದ್ದು ಇಲ್ಲಿಂದ. ಆಸ್ಪಿರಿನ್, ಸೆಲ್ಯುಲೋಸ್ ಅಸಿಟೇಟ್‌ಗಳ ತಯಾರಿಗೆ ಅಸಿಟಿಕ್ ಅನ್‌ಹೈಡ್ರೈಡ್ ಬೇಕು. ಹೆರಾಯಿನ್ ತಯಾರಿಗೂ ಬೇಕಾಗುವುದರಿಂದ ಭಾರತದಲ್ಲಿ ಇದು 1993ರಿಂದ ನಿಯಂತ್ರಿತ ವಸ್ತು. ತಯಾರಿಸಿದ್ದು, ಮಾರಿದ್ದು, ಸಾಗಿಸಿದ್ದಕ್ಕೆಲ್ಲ ಲೆಕ್ಕ ಇಡಬೇಕು.